ಟ್ರೇಸ್ಡ್ ಬೈ ವ್ಹಿ.ಜಿ.ಕೆ.

ಸೇಡಂ, ಚಿತ್ತಾಪುರದ ಕಡೆ ನೀವು ಬಸ್ಸಿನಲ್ಲಿ ಓಡಾಡಿದವರಾದರೆ ನನ್ನ ಗೆರೆಗಳ ಮೇಲೆ ಹಾದುಹೋಗಿರುತ್ತೀರಿ. ಆ ದಾರಿಯ ಎಷ್ಟೋ ಮೋರಿಗಳು, ಎರಡು ಮೂರು ಸಣ್ಣ ಸೇತುವೆಗಳು, ಒಂದು ಬಸ್ ತಂಗುದಾಣ, ಇವೆಲ್ಲ ನೆಲದ ಮೇಲೆ ಏಳುವ ಮೊದಲು ಹಾಳೆಯ ಮೇಲೆ ನನ್ನ ಕೈಯಿಂದ ಎದ್ದವು. ಹೀಗೆಂದ ಕೂಡಲೇ ಎದುರಿಗಿರುವವರ ಮುಖದಲ್ಲಿ ಗೌರವ ಮೂಡತೊಡಗುತ್ತದೆ. ಅದು ಪೂರ್ತಿ ಮೂಡುವ ಮೊದಲೇ ಉಳಿದದ್ದನ್ನೂ ಹೇಳಿ ಅಳಿಸಿಬಿಡುತ್ತೇನೆ. ನಾಳೆ ಬೇರೆ ಯಾರಿಂದಲೋ ಗೊತ್ತಾದರೆ ಏನು ಗತಿ ಎಂಬ ಚಿಂತೆ ನನಗೆ. ಆ ಗೆರೆಗಳನ್ನು ಎಳೆದವನು ನಾನು, ನಿಜ. ಆದರೆ ಅವುಗಳಲ್ಲಿ ಒಂದೂ ನನ್ನದಲ್ಲ.

ನಾನು ಸರ್ಕಾರಿ ಕಚೇರಿಯೊಂದರಲ್ಲಿ ಟ್ರೇಸರ್. ಡ್ರಾಫ್ಟ್ಸ್‌ಮನ್ ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳ್ಳನೆಯ ಪಾರದರ್ಶಕ ಹಾಳೆ ಹಾಸಿ, ನಾಲ್ಕು ಮೂಲೆಗೆ ಪಿನ್ನು ಚುಚ್ಚಿ, ಕೆಳಗೆ ಕಾಣುವ ಗೆರೆಯ ಮೇಲೆಯೇ ಶಾಯಿಯ ಗೆರೆ ಎಳೆಯುವುದು ನನ್ನ ಕೆಲಸ. ಕೂದಲೆಳೆಯಷ್ಟೂ ಆಚೀಚೆ ಹೋಗಬಾರದು. ಹೋದರೆ ಬ್ಲೇಡಿನ ತುದಿಯಿಂದ ಕೆರೆದು ತೆಗೆಯಬೇಕು. ಇದರಲ್ಲಿ ಜಾಣತನ ತೋರಿಸಲು ಅವಕಾಶವಿಲ್ಲ, ತೋರಿಸಿದರೆ ಮೆಮೋ ಬರುತ್ತದೆ. ಇಪ್ಪತ್ತೆರಡು ವರ್ಷ ಹೀಗೆ ಇನ್ನೊಬ್ಬರ ಗೆರೆಯ ಮೇಲೆ ನಡೆದು ನನ್ನ ಕೈಗೆ ಒಂದು ಗುಣ ಬಂದಿತ್ತು. ನಾನು ಎಳೆದ ಯಾವ ಗೆರೆಯೂ ಮೊದಲಿನಿಂದ ಕೊನೆಯವರೆಗೆ ಒಂದೇ ದಪ್ಪ. ಸೇತುವೆಗೆ ಅದು ಗುಣ. ಮನುಷ್ಯನ ಮೂಗಿಗೆ ಅದು ಗುಣವಲ್ಲ ಎಂದು ಮುಂದೆ ತಿಳಿಯಿತು.

ನಕ್ಷೆಯ ಬಲಗಡೆಯ ಕೆಳಮೂಲೆಯಲ್ಲಿ ಒಂದು ಚೌಕ ಇರುತ್ತದೆ. ಅದರಲ್ಲಿ ನಾಲ್ಕು ಸಾಲು: ಡಿಸೈನ್ಡ್ ಬೈ, ಡ್ರಾನ್ ಬೈ, ಟ್ರೇಸ್ಡ್ ಬೈ, ಚೆಕ್ಡ್ ಬೈ. ಯೋಚಿಸಿದವರು, ಬರೆದವರು, ಬರೆದದ್ದರ ಮೇಲೆ ಬರೆದವರು, ಕೊನೆಗೆ ಎಲ್ಲರನ್ನೂ ಅನುಮಾನಿಸಿದವರು. ಪ್ರಪಂಚದ ಸಕಲ ಮನುಷ್ಯರನ್ನೂ ಈ ನಾಲ್ಕು ಸಾಲಿನಲ್ಲಿ ಕೂಡಿಸಬಹುದು ಎಂಬುದು ನನ್ನ ಅನುಭವ. ಮೊದಲನೆಯ ಸಾಲಿನವರಿಗೆ ಚಹಾ ಮೇಜಿಗೆ ಬರುತ್ತದೆ. ಮೂರನೆಯ ಸಾಲಿನವನು ರಸ್ತೆ ದಾಟಿ ಹೋಗಿ ಕುಡಿದು ಬರಬೇಕು. ವ್ಹಿ.ಜಿ.ಕೆ., ಎಂದರೆ ವೆಂಕಟೇಶ ಗುರುರಾವ ಕುಲಕರ್ಣಿ, ಎಂದೂ ಆ ಮೂರನೆಯ ಸಾಲು ಬಿಟ್ಟು ಮೇಲೆ ಹತ್ತಲಿಲ್ಲ. ನಕ್ಷೆಗಳೆಲ್ಲ ಕಂಪ್ಯೂಟರಿನಲ್ಲಿ ಆಗತೊಡಗಿದ ಮೇಲೆ ಆ ಸಾಲಿಗೂ ಸಂಚಕಾರ ಬಂತು. ನನ್ನ ನಂತರ ಈ ಹುದ್ದೆ ತುಂಬುವುದಿಲ್ಲ ಎಂದು ಮೇಲಿನಿಂದ ಕಾಗದ ಬಂದಿತ್ತು. ಒಂದು ಜಾತಿಯ ಕೊನೆಯ ಪ್ರಾಣಿಯನ್ನು ಜನ ಹೇಗೆ ನೋಡಲು ಬರುತ್ತಾರೋ ಹಾಗೆ ಹೊಸ ಇಂಜಿನಿಯರುಗಳು ನನ್ನ ಮೇಜಿನ ಹತ್ತಿರ ಬಂದು ಶಾಯಿಯ ಪೆನ್ನು ಮುಟ್ಟಿ ನೋಡಿ ಹೋಗುತ್ತಿದ್ದರು.

ಇಂಥವನಿಗೆ ವ್ಯಂಗ್ಯಚಿತ್ರದ ಹುಚ್ಚು ಯಾಕೆ ಬಂತು ಎಂದು ನೀವು ಕೇಳಬಹುದು. ಇಂಥವನಿಗಲ್ಲದೆ ಮತ್ಯಾರಿಗೆ ಬರಬೇಕು? ದಿನವಿಡೀ ಬೇರೆಯವರ ಗೆರೆ ಎಳೆದವನಿಗೆ ಸಂಜೆ ಮನೆಗೆ ಬಂದ ಮೇಲೆ ಒಂದಾದರೂ ಸ್ವಂತ ಗೆರೆ ಬೇಕೆನಿಸುತ್ತದೆ. ಎಂಬತ್ತರ ದಶಕದಿಂದಲೇ ವಾರಪತ್ರಿಕೆಗಳಿಗೆ ಚಿತ್ರ ಕಳಿಸುತ್ತಿದ್ದೆ. ಅವು ನಂಬಿಕಸ್ಥ ಪಾರಿವಾಳಗಳಂತೆ ಸ್ವವಿಳಾಸದ ಲಕೋಟೆಯಲ್ಲಿ ಹಿಂದಿರುಗುತ್ತಿದ್ದವು. ತೊಂಬತ್ತರ ದಶಕದ ಹೊತ್ತಿಗೆ ಹಿಂದಿರುಗುವುದೂ ನಿಂತಿತು. ಪತ್ರಿಕೆಗಳು ಕೆಲವು ಮುಚ್ಚಿದ್ದವು, ಉಳಿದವುಗಳ ಸಂಪಾದಕರು ನನ್ನ ಹೆಸರು ನೋಡಿದ ಕೂಡಲೇ ಲಕೋಟೆಯ ಅಂಚೆಚೀಟಿಯನ್ನಷ್ಟೇ ಉಳಿಸಿಕೊಳ್ಳುತ್ತಿದ್ದರೆಂದು ಕಾಣುತ್ತದೆ.

ನನ್ನ ಕೆಲಸದ ರೀತಿಯನ್ನೂ ಹೇಳಬೇಕು. ನಮ್ಮ ಕಡೆ ಮನೆಯ ನೆಲವೆಂದರೆ ಶಹಾಬಾದಿನ ಫರಸಿ, ಆ ತಣ್ಣನೆಯ ಬೂದುಬಣ್ಣದ ಕಲ್ಲಿನ ಹಾಸು. ಅದರ ಮೇಲೆ ಬಳಪದಿಂದ ಬರೆದರೆ ಎಷ್ಟು ಚೆನ್ನಾಗಿ ಏಳುತ್ತದೆ ಎಂದರೆ, ನಾನು ಕಾಗದದ ಮೇಲೆ ಎಂದೂ ಕರಡು ಮಾಡಿದವನಲ್ಲ. ನಡುಮನೆಯ ನೆಲವೇ ನನ್ನ ಪಾಟಿ. ಬಗ್ಗಿ ಕುಳಿತು ಬರೆಯುವುದು, ಒದ್ದೆ ಬೆರಳಿನಿಂದ ಅಳಿಸುವುದು, ಎದ್ದು ನಿಂತು ದೂರದಿಂದ ನೋಡುವುದು, ಮತ್ತೆ ಬಗ್ಗುವುದು. ಎಲ್ಲ ಸರಿಯೆನಿಸಿದ ಮೇಲೆ ಕಾಗದಕ್ಕಿಳಿಸಿ ಶಾಯಿ ಹಚ್ಚುವುದು. ಆ ಹೊತ್ತಿಗೆ ಸೊಂಟ ಹಿಡಿದಿರುತ್ತಿತ್ತು. ಮರುದಿನ ನನ್ನ ಹೆಂಡತಿ ಸುಧಾ ನೆಲ ಒರೆಸುವಳು, ನನ್ನ ಕರಡೆಲ್ಲ ಬಕೆಟ್ಟಿನ ನೀರು ಸೇರುವುದು. ಇಷ್ಟು ವರ್ಷದಲ್ಲಿ ಅವಳು ಒರೆಸಿದಷ್ಟು ವ್ಯಂಗ್ಯಚಿತ್ರಗಳನ್ನು ಈ ರಾಜ್ಯದ ಯಾವ ಸಂಪಾದಕನೂ ತಿರಸ್ಕರಿಸಿರಲಾರ.

ಎರಡು ಸಾವಿರದ ಆರೋ ಏಳೋ ಇರಬೇಕು, ನಮ್ಮ ಬಸ್ ನಿಲ್ದಾಣದ ಹತ್ತಿರ ಇಂಟರ್ನೆಟ್ ಅಂಗಡಿ ಬಂತು. ಪ್ಲೈವುಡ್ಡಿನ ಗೂಡುಗಳು, ಪ್ರತಿ ಗೂಡಿಗೂ ಒಂದು ಪರದೆ. ನೆರೆತ ಕೂದಲಿನ, ಹಣೆಗೆ ಮುದ್ರೆ ಹಚ್ಚಿಕೊಂಡ ಒಬ್ಬ ಕುಲಕರ್ಣಿ ದಿನಾ ಸಂಜೆ ಆ ಗೂಡಿನೊಳಗೆ ಹೋಗಿ ಪರದೆ ಎಳೆದುಕೊಳ್ಳುವುದನ್ನು ನೋಡಿ ಅಂಗಡಿಯವನು ಏನೆಂದುಕೊಂಡನೋ. ಒಂದು ದಿನ ವೈರು ನೋಡುವ ನೆಪದಲ್ಲಿ ಒಳಗೆ ತಲೆ ಹಾಕಿದ. ತೆರೆಯ ಮೇಲೆ ಒಬ್ಬ ದಪ್ಪ ಮೀಸೆಯ ಹವಾಲ್ದಾರನ ಚಿತ್ರ ನೋಡಿ ಅವನ ಮುಖದಲ್ಲಿ ಮೂಡಿದ ನಿರಾಸೆ ನನಗಿನ್ನೂ ನೆನಪಿದೆ. ಆ ಅಂಗಡಿಯ ಇಂಟರ್ನೆಟ್ಟಿನಲ್ಲಿ ಚಿತ್ರ ಒಮ್ಮೆಲೇ ಬರುತ್ತಿರಲಿಲ್ಲ, ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಇಳಿಯುತ್ತಿತ್ತು. ಮೊದಲು ಟೋಪಿ, ಆಮೇಲೆ ಹುಬ್ಬು, ಆಮೇಲೆ ಮೀಸೆ. ಸೊಂಟಕ್ಕೆ ಬರುವ ಹೊತ್ತಿಗೆ ಕರೆಂಟು ಹೋಗುವುದು. ಕನ್ನಡ ನಾಡಿನ ಹವ್ಯಾಸಿ ವ್ಯಂಗ್ಯಚಿತ್ರಕಾರರ ಬಗ್ಗೆ ನನಗಿರುವ ತಿಳಿವಳಿಕೆಯೆಲ್ಲ ಸೊಂಟದ ಮೇಲಿನದು.

ಅಂಥ ಹವ್ಯಾಸಿಗಳದೇ ಒಂದು ಗುಂಪು ಅಲ್ಲಿತ್ತು, ಅದರ ಹೆಸರು ಸೊಟ್ಟಗೆರೆ. ಬ್ಯಾಂಕಿನವರು, ಮೇಷ್ಟ್ರುಗಳು, ಔಷಧ ಅಂಗಡಿಯವರು, ಯಾರ ಮನೆಯಲ್ಲೂ ಯಾರೂ ಮೆಚ್ಚದ ನಲವತ್ತು ಐವತ್ತು ಜನ. ಒಬ್ಬರು ಚಿತ್ರ ಹಾಕುವುದು, ಉಳಿದವರು ಅದರ ಕೆಳಗೆ ಚರ್ಚೆ ಮಾಡುವುದು. ಹೆಚ್ಚಿನವರಿಗೆ ಗುಪ್ತನಾಮ. ಗುಂಪಿನ ಯಜಮಾನರು ದಾವಣಗೆರೆ ಕಡೆಯ ನಿವೃತ್ತರು, ಅವರ ಹೆಸರು ಮಸಿಮಾಮ. ಎಲ್ಲರ ಗೆರೆಯಲ್ಲೂ ಹುಳುಕು ಹುಡುಕುತ್ತಿದ್ದ ಒಬ್ಬ ಮೈಸೂರಿನವನ ಹೆಸರು ಸೂಜಿಮೊನೆ. ನಾನು ಬಳಪ ಎಂದು ಇಟ್ಟುಕೊಂಡೆ. ನನ್ನ ಸೀಮೆಯವರು ಇನ್ನೊಬ್ಬರಿದ್ದರು, ಚಿಂಚೋಳಿಯ ಪಕ್ಕದ ಚಂದಾಪುರದ ಬಸವರಾಜ. ಅವರು ದನದ ದವಾಖಾನೆಯಲ್ಲಿ ಕೆಲಸ ಮಾಡುವವರು. ಯಾವ ವಿಷಯ ಕೊಟ್ಟರೂ ಎಮ್ಮೆಯನ್ನೇ ಬರೆಯುತ್ತಿದ್ದರು, ಚುನಾವಣೆಯಾದರೂ ಎಮ್ಮೆ, ಕ್ರಿಕೆಟ್ಟಾದರೂ ಎಮ್ಮೆ. ಅವರ ಎಮ್ಮೆಗಳು ಮಾತ್ರ ಉಸಿರಾಡುತ್ತಿದ್ದವು.

ಕನ್ನಡ ಅಕ್ಷರ ಮೂಡಿಸುವ ವಿದ್ಯೆ ಆಗ ನಮಗಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಚರ್ಚೆಯೆಲ್ಲ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ. ಇದರಿಂದ ಆದ ಅನಾಹುತಗಳನ್ನೇ ಒಂದು ಪುಸ್ತಕ ಮಾಡಬಹುದು. ನನ್ನ ಮೊದಲ ಚಿತ್ರಕ್ಕೆ ಮಸಿಮಾಮ ಮೂರೇ ಶಬ್ದ ಬರೆದರು: ನಿಮ್ಮದು ಒಳ್ಳೆಯ ಕೆ ಎ ಎಲ್ ಇ. ನಾನು ಆ ನಾಲ್ಕು ಅಕ್ಷರ ನೋಡುತ್ತ ಕುಳಿತೆ. ಕಲೆ ಎಂದು ಓದಿದರೆ ಹಿಗ್ಗಬೇಕು. ಕಳೆ ಎಂದು ಓದಿದರೆ, ಮುಖದ ಕಳೆಯೋ ಹೊಲದ ಕಳೆಯೋ? ಕಲೆಯೇ ಎಂದಿಟ್ಟುಕೊಂಡರೂ ಗೋಡೆಗೆ ತೂಗುಹಾಕುವ ಕಲೆಯೋ, ಬಟ್ಟೆಗೆ ಕೂತು ಹೋಗದೆ ಉಳಿಯುವ ಕಲೆಯೋ? ಚಿಂತೆ ಮಾಡುವ ಅಭ್ಯಾಸವಿದ್ದವನಿಗೆ ಹೊಗಳಿಕೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಡಬಾರದು. ಮೂರು ದಿನ ನಾನು ಆ ಚಿತ್ರ ತೆಗೆದುಹಾಕಬೇಕೆ ಎಂದು ಯೋಚಿಸಿದೆ. ಆದರೂ ಆ ಗೂಡಿಗೆ ಹೋಗುವುದನ್ನು ಬಿಡಲಿಲ್ಲ. ಯಾಕೆಂದರೆ ಅಲ್ಲಿ ಮೊಟ್ಟಮೊದಲ ಬಾರಿಗೆ ಜನ ನನ್ನನ್ನು ಚಿತ್ರ ಬರೆಯುವವನು ಎಂದು ಕರೆದಿದ್ದರು.

ಹೀಗಿರುವಾಗ ಮಸಿಮಾಮ ಒಂದು ಸುದ್ದಿ ಹಾಕಿದರು. ಸದಸ್ಯರ ಚಿತ್ರಗಳದ್ದು ಒಂದು ಪುಸ್ತಕ ಮಾಡೋಣ, ಒಬ್ಬರದು ಒಂದು ಚಿತ್ರ, ಒಂದು ಪುಟ, ಪುಟದ ಕೆಳಗೆ ನಿಜವಾದ ಹೆಸರು. ಅಚ್ಚಾದ ಪುಸ್ತಕ. ನನಗೆ ಆ ರಾತ್ರಿ ಊಟ ಸೇರಲಿಲ್ಲ. ಐವತ್ತರ ಹತ್ತಿರ ಬಂದವನಿಗೆ, ತನ್ನ ಹುದ್ದೆ ತನ್ನ ಜೊತೆಗೇ ಸಾಯುತ್ತದೆ ಎಂದು ಗೊತ್ತಾದವನಿಗೆ, ಒಂದು ಪುಟದ ಕೆಳಗೆ 'ಚಿತ್ರ: ವೆಂಕಟೇಶ ಕುಲಕರ್ಣಿ' ಎಂದು ಅಚ್ಚಾಗುವುದು ಸಣ್ಣ ಆಸೆಯಲ್ಲ. ಇನ್ನೇನೂ ಬೇಡ, ಆ ಒಂದು ಪುಟ ಸಾಕು ಎನಿಸಿತು. ಇನ್ನೇನೂ ಬೇಡ ಎನ್ನುವವನ ಆಸೆಯೇ ಎಲ್ಲಕ್ಕಿಂತ ದೊಡ್ಡದು.

ವಿಷಯಕ್ಕೆ ಹುಡುಕಾಡಬೇಕಾಗಲಿಲ್ಲ. ಕಲ್ಲು ಕೊರೆಯುವ, ಪಾಲಿಶ್ ಮಾಡುವ ಮಂದಿ ಸಂಜೆ ಮನೆಗೆ ಹೊರಟಾಗ ನೋಡಬೇಕು ನೀವು. ತಲೆಯಿಂದ ಕಾಲಿನವರೆಗೆ ಬಿಳಿ ಹುಡಿ. ಅಣ್ಣ ಯಾರು, ತಮ್ಮ ಯಾರು, ಹಿಂದೂ ಯಾರು, ಮುಸಲ್ಮಾನ ಯಾರು ಒಂದೂ ತಿಳಿಯುವುದಿಲ್ಲ. ನನ್ನ ಚಿತ್ರದಲ್ಲಿ ಒಬ್ಬ ಹೆಣ್ಣುಮಗಳು ಬಾಗಿಲ ಮುಂದೆ ಕೊಡ ಎತ್ತಿ ಹಿಡಿದು ನಿಂತಿದ್ದಾಳೆ. ಎದುರಿಗೆ ಏಳು ಜನ ಬಿಳಿ ಗಂಡಸರ ಸಾಲು. ಬೇರೆ ಮೂವರ ಮೇಲೆ ಆಗಲೇ ನೀರು ಸುರಿದು ಗುರುತು ನೋಡಿ ಆಗಿದೆ, ಅವರು ತೊಯ್ದು ಪಕ್ಕಕ್ಕೆ ನಿಂತಿದ್ದಾರೆ. ಕೆಳಗೆ ಅವಳ ಮಾತು: "ಇವರೂ ನಮ್ಮನಿಯವರಲ್ಲ. ಮುಂದಿನವರು ಬರ್ರಿ."

ಮಾತು ಕೆಳಗೆ ಬರೆಯಬೇಕೇ, ಚಿತ್ರವೇ ಹೇಳುವುದಿಲ್ಲವೇ ಎಂಬ ಚರ್ಚೆ ಗುಂಪಿನಲ್ಲಿ ಯಾವಾಗಲೂ ನಡೆಯುತ್ತಿತ್ತು. ಸೂಜಿಮೊನೆಯ ಪ್ರಕಾರ ಅಡಿಬರಹ ಬೇಕಾಗುವುದು ಬಡ ಚಿತ್ರಕ್ಕೆ. ಆಗ ನಾನು ಸನ್ನತಿಯ ಉದಾಹರಣೆ ಕೊಟ್ಟಿದ್ದೆ. ರಸ್ತೆಯ ಅಳತೆಗೆಂದು ಭೀಮಾ ದಂಡೆಗೆ ಹೋದಾಗ ಅಲ್ಲಿ ನೆಲದಿಂದ ತೆಗೆದಿಟ್ಟ ಹಳೆಯ ಕಲ್ಲಿನ ಚಪ್ಪಡಿಗಳನ್ನು ನೋಡಿದ್ದೆ. ರಾಜ, ರಾಣಿ, ಛತ್ರ ಹಿಡಿದವರು, ಎಲ್ಲ ನಮ್ಮ ಫರಸಿಯಂಥದೇ ಕಲ್ಲಿನಲ್ಲಿ. ಕೆಳಗೆ ಅಕ್ಷರಗಳಿದ್ದವು. ಏನು ಬರೆದಿದೆ ಎಂದು ಕಾವಲಿನವನನ್ನು ಕೇಳಿದರೆ, ಇಂವ ಇಂಥಾ ರಾಜ ಅಂತ ಬರದದ್ರಿ ಎಂದ. ಎರಡು ಸಾವಿರ ವರ್ಷದ ಹಿಂದೆಯೂ ನಮ್ಮ ಸೀಮೆಯ ಕಲಾವಿದನಿಗೆ ಅದೇ ಚಿಂತೆ: ಇಷ್ಟೆಲ್ಲ ಕೆತ್ತಿದ್ದೇನೆ, ಆದರೂ ಇದು ರಾಜ ಎಂದು ಜನಕ್ಕೆ ತಿಳಿಯುತ್ತದೆಯೋ ಇಲ್ಲವೋ. ಸೂಜಿಮೊನೆ ಮಾತನ್ನು ಬೇರೊಬ್ಬರ ಚಿತ್ರದ ಕಡೆ ತಿರುಗಿಸಿದ. ನಾನು ಗೆದ್ದೆ ಎಂದುಕೊಂಡೆ. ಅವನು ಕಾಯುತ್ತಿದ್ದ.

ಏಳು ಗಂಡಸರ ಚಿತ್ರದಲ್ಲಿ ನನಗೊಂದು ಅನುಕೂಲವಿತ್ತು. ಮನುಷ್ಯರನ್ನು ಬೇರೆಬೇರೆಯಾಗಿ ಬರೆಯಲು ನನಗೆ ಬರುವುದಿಲ್ಲ. ಹತ್ತು ಜನರನ್ನು ಬರೆದರೆ ಹತ್ತೂ ಒಂದೇ ಅಚ್ಚಿನ ಇಟ್ಟಿಗೆಯಂತೆ ಬರುತ್ತಾರೆ. ಇಲ್ಲಿ ಅದೇ ಬೇಕಿತ್ತು. ಫರಸಿಯ ಮೇಲೆ ನಾಲ್ಕು ಸಂಜೆ ತಿದ್ದಿ ತೀಡಿ, ದೊಡ್ಡ ಹಾಳೆಗೆ ಇಳಿಸಿ, ಕಚೇರಿಯದೇ ಪೆನ್ನಿನಿಂದ ಶಾಯಿ ಹಚ್ಚಿದೆ. ಭಾನುವಾರ ಬೆಳಿಗ್ಗೆ ಅದನ್ನು ನಕ್ಷೆ ಒಯ್ಯುವ ರಟ್ಟಿನ ಕೊಳವೆಯಲ್ಲಿ ಸುತ್ತಿಕೊಂಡು ಪ್ಯಾಸೆಂಜರ್ ಗಾಡಿ ಹತ್ತಿ ವಾಡಿಗೆ ಹೊರಟೆ. ಅಷ್ಟು ದೊಡ್ಡ ಹಾಳೆಯನ್ನು ಎರಡು ಸಲಕ್ಕೆ ಸ್ಕ್ಯಾನ್ ಮಾಡಿ ಜೋಡಿಸಿ ಕೊಡುವವನು ಅಲ್ಲಿಯ ಒಬ್ಬ ಫೋಟೋ ಸ್ಟುಡಿಯೋದವನು ಮಾತ್ರ. ಗಾಡಿಯಲ್ಲಿ ಎದುರಿಗೆ ಕುಳಿತ ಮುದುಕರೊಬ್ಬರು ನನ್ನ ಹಣೆಯನ್ನೂ ಕೊಳವೆಯನ್ನೂ ನೋಡಿ, ಕುಂಡಲಿ ಭಾಳ ಉದ್ದ ಅದಲ್ರಿ ಆಚಾರ್ರ, ಯಾರದು ಎಂದು ಕೇಳಿದರು. ಅದರೊಳಗೆ ನನ್ನದೇ ಇತ್ತು ಎಂದು ನನಗೆ ಆಗ ಗೊತ್ತಿರಲಿಲ್ಲ.

ಸೋಮವಾರ ಚಿತ್ರ ಏರಿಸಿದೆ. ಮಂಗಳವಾರ ಸಂಜೆ ಗೂಡಿನಲ್ಲಿ ಕುಳಿತು ನೋಡಿದರೆ ಅದರ ಕೆಳಗೆ ಅರವತ್ತಕ್ಕೂ ಹೆಚ್ಚು ಪ್ರತಿಕ್ರಿಯೆ. ನನ್ನ ಚಿತ್ರಕ್ಕೆ ಅದುವರೆಗೆ ಬಂದ ಅತಿ ಹೆಚ್ಚಿನ ಪ್ರತಿಕ್ರಿಯೆ ನಾಲ್ಕು, ಅದರಲ್ಲಿ ಒಂದು ನನ್ನದೇ. ಪುಸ್ತಕದ ಮುಖಪುಟಕ್ಕೇ ಹಾಕುತ್ತಾರೇನೋ ಎಂದು ಕೂಡ ಒಂದು ಕ್ಷಣ ಅನಿಸಿತು. ಆಮೇಲೆ ಮೊದಲನೆಯದನ್ನು ಓದಿದೆ. ಸೂಜಿಮೊನೆ ಬರೆದಿದ್ದ: "ಸಾರ್, ಕದ್ದಿದ್ದನ್ನ ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡವರನ್ನ ನಾನು ನೋಡೇ ಇಲ್ಲ. ಬಲಗಡೆ ಮೂಲೆ ನೋಡ್ಕೊಳ್ಳಿ."

ನೋಡಿಕೊಂಡೆ. ಚಿತ್ರದ ಬಲಗಡೆಯ ಕೆಳಮೂಲೆಯಲ್ಲಿ ಸ್ವಚ್ಛವಾದ ಒಂದು ಚೌಕ, ಅದರಲ್ಲಿ ನಾಲ್ಕು ಸಾಲು. ಡ್ರಾನ್ ಬೈ ಎಂಬುದರ ಮುಂದೆ ಖಾಲಿ. ಟ್ರೇಸ್ಡ್ ಬೈ ಎಂಬುದರ ಮುಂದೆ, ನನ್ನ ಅತ್ಯಂತ ದುಂಡಾದ ಅಕ್ಷರದಲ್ಲಿ, ವ್ಹಿ.ಜಿ.ಕೆ.

ಅದನ್ನು ಬರೆದದ್ದು ನನಗೆ ನೆನಪೇ ಇಲ್ಲ. ಶಾಯಿ ಹಚ್ಚಿ ಮುಗಿದ ಕೂಡಲೇ ಕೈ ತಾನಾಗಿ ಮೂಲೆಗೆ ಹೋಗಿ ಇಪ್ಪತ್ತೆರಡು ವರ್ಷದ ಪಾಠ ಒಪ್ಪಿಸಿದೆ. ಸ್ಕ್ಯಾನ್ ಮಾಡಿಸುವಾಗಲೂ ಕಣ್ಣಿಗೆ ಬೀಳಲಿಲ್ಲ. ದಿನಾ ನೋಡುವ ಮನೆಯ ಗಡಿಯಾರ ನಿಂತದ್ದು ಎಷ್ಟು ದಿನವಾದರೂ ಕಾಣುವುದಿಲ್ಲವಲ್ಲ, ಹಾಗೆ. ನಾನು ಇದನ್ನೆಲ್ಲ ವಿವರವಾಗಿ ಬರೆದೆ. ನನ್ನ ಉದ್ಯೋಗ, ಚೌಕ, ಕೈಯ ರೂಢಿ. ಓದಿ ನೋಡಿದರೆ ನನಗೇ ನಂಬಿಕೆ ಬರಲಿಲ್ಲ. ಸಾಚಾ ಮನುಷ್ಯನ ಸಬೂಬು ಯಾವಾಗಲೂ ಕಳ್ಳನ ಸಬೂಬಿಗಿಂತ ಕಳಪೆ. ಕಳ್ಳನಿಗೆ ತಯಾರಿ ಇರುತ್ತದೆ.

ಮುಂದಿನ ಎರಡು ವಾರ ಗುಂಪಿನಲ್ಲಿ ಬೇರೆ ಮಾತೇ ಇರಲಿಲ್ಲ. ಉದ್ಯೋಗವೇ ನಕಲು ಮಾಡುವುದು ಎಂದು ಅವರೇ ಒಪ್ಪಿದ್ದಾರಲ್ಲ ಎಂದು ಒಬ್ಬರು. ಏಳು ಜನರೂ ತದ್ವತ್ ಒಂದೇ ರೀತಿ ಇದ್ದಾರೆ, ಒಂದೇ ಆಕೃತಿಯ ಮೇಲೆ ಹಾಳೆ ಸರಿಸಿ ಸರಿಸಿ ಏಳು ಸಲ ಎಳೆದಿರಬೇಕು ಎಂದು ಇನ್ನೊಬ್ಬರು. ಗೆರೆಯ ದಪ್ಪ ಎಲ್ಲೂ ಬದಲಾಗಿಲ್ಲ, ಸ್ವಂತ ಬರೆಯುವವನ ಗೆರೆ ಉಸಿರಾಡುತ್ತದೆ ಎಂದು ಮಗದೊಬ್ಬರು. ಕೆಲವರು ಮೂಲ ಚಿತ್ರ ಹುಡುಕಲು ಹೊರಟರು. ಹಳೆಯ ಪತ್ರಿಕೆಗಳನ್ನು ತಿರುವಿದರು, ಹೊರದೇಶದ ತಾಣಗಳನ್ನು ಜಾಲಾಡಿದರು. ಸಿಗಲಿಲ್ಲ. ಸಿಗದೆ ಹೋದ ಮೇಲೆ ಅದರ ಬೆಲೆ ಏರಿತು. ಸೂಜಿಮೊನೆ ಬರೆದ: "ಒರಿಜಿನಲ್ಲು ಖಂಡಿತ ಇದಕ್ಕಿಂತ ಎಷ್ಟೋ ಚೆನ್ನಾಗಿರತ್ತೆ. ಐಡಿಯಾ ನೋಡಿ ಎಂಥಾದ್ದು. ಇವರ ಕೈಗೆ ಸಿಕ್ಕಿ ಸತ್ತುಹೋಗಿದೆ."

ಈ ಮಾತು ಉಳಿದೆಲ್ಲಕ್ಕಿಂತ ಆಳಕ್ಕೆ ಹೋಯಿತು, ಯಾಕೆಂದರೆ ನನಗೂ ಹಾಗೆಯೇ ಅನಿಸುತ್ತಿತ್ತು. ಆ ಚಿತ್ರ ಮನಸ್ಸಿನಲ್ಲಿ ಹೊಳೆದಾಗ ಎಷ್ಟು ಚೆನ್ನಾಗಿತ್ತು. ಆ ಹೆಣ್ಣುಮಗಳ ಮುಖದಲ್ಲಿ ಬೇಸರ, ನಗು, ಸ್ವಲ್ಪ ಗಾಬರಿ ಎಲ್ಲ ಇದ್ದವು. ಫರಸಿಗೆ ಇಳಿಯುವಾಗ ಗಾಬರಿ ಹೋಯಿತು, ಕಾಗದಕ್ಕೆ ಇಳಿಯುವಾಗ ನಗು ಹೋಯಿತು, ಶಾಯಿಯಲ್ಲಿ ಬೇಸರ ಮಾತ್ರ ಉಳಿಯಿತು, ಅದೂ ನನ್ನದೇ ಇರಬೇಕು. ಅಂದರೆ ನಾನು ನಿಜಕ್ಕೂ ನಕಲು ಮಾಡಿದ್ದೆ, ಮೂಲ ನನ್ನ ತಲೆಯೊಳಗಿತ್ತು ಅಷ್ಟೆ. ಈ ತತ್ವಜ್ಞಾನವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ಹೊರಟು ಅರ್ಧಕ್ಕೆ ಬಿಟ್ಟೆ. ತಪ್ಪೊಪ್ಪಿಗೆ ಎಂದೇ ಓದಿಕೊಳ್ಳುತ್ತಿದ್ದರು.

ಮಸಿಮಾಮ ಒಳ್ಳೆಯವರು. ಕರಡು ಇದ್ದರೆ ಹಾಕಿ, ಮಾತು ಮುಗಿಯುತ್ತದೆ ಎಂದರು. ಕರಡು ಎಲ್ಲಿಂದ ತರಲಿ? ಮನೆಗೆ ಬಂದು ಸುಧಾಳ ಮೇಲೆ ರೇಗಿದೆ. ಅವಳು ಹೆಸರುಕಾಳು ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಏಳು ಮಂದಿ ಗಂಡಸರು ಅಡಿಗಿಮನಿ ಬಾಗಿಲಾಗ ಸಾಲು ಹಚ್ಚಿ ನಿಂತಿದ್ರು. ನಾ ನೆಲಾ ಒರಸದ ಹೆಂಗ ಇರ್ಲಿ? ಅದರಾಗ ಒಬ್ಬಾಂವರೆ ನಿಮ್ಮಂಗ ಇದ್ದಿದ್ರ ಬಿಡ್ತಿದ್ದೆ."

ಅವಳು ನನ್ನ ಪರವಾಗಿ ಸಾಕ್ಷಿ ಹೇಳಲು ತಯಾರಿದ್ದಳು, ಅದನ್ನೂ ಹೇಳಬೇಕು. ಆದರೆ ಹೆಂಡತಿಯ ಸಾಕ್ಷಿಯನ್ನು, ಅದೂ ನೆಲ ಒರೆಸಿದ ಸಾಕ್ಷಿಯನ್ನು, ಯಾರು ನಂಬುತ್ತಾರೆ? ಕೊನೆಗೆ ಮಸಿಮಾಮ ತೀರ್ಪು ಕೊಟ್ಟರು. ಗುಂಪಿನ ಪರವಾಗಿ ಹತ್ತಿರದ ಸದಸ್ಯರೊಬ್ಬರು ಬಳಪ ಅವರ ಮನೆಗೆ ಹೋಗಬೇಕು, ಬಳಪ ಬಂದವರ ಎದುರಿಗೆ ಕುಳಿತು ಅದೇ ಚಿತ್ರವನ್ನು ಮತ್ತೊಮ್ಮೆ ಬರೆಯಬೇಕು, ನೋಡಿದವರು ನೋಡಿದ್ದನ್ನು ಬರೆಯಬೇಕು. ಅಲ್ಲಿಯವರೆಗೆ ಆ ಪುಟ ಖಾಲಿ ಇರುತ್ತದೆ. ಹತ್ತಿರದ ಸದಸ್ಯರೆಂದರೆ ಚಂದಾಪುರದ ಎಮ್ಮೆಯ ಬಸವರಾಜ.

ಅವರು ಬರುವ ದಿನ ನಾನು ಬೆಳಿಗ್ಗೆಯಿಂದ ನಾಲ್ಕು ಸಲ ಕೈ ತೊಳೆದುಕೊಂಡೆ. ಬಸವರಾಜ ದೊಡ್ಡ ಆಳು, ಕೆಂಪು ಮುಖ, ಅಂಗಿಯ ತೋಳಿಗೆ ಔಷಧದ ವಾಸನೆ. ಸುಧಾ ಅವಲಕ್ಕಿ, ಚಹಾ ಕೊಟ್ಟಳು. ಅವರು ತಿನ್ನುತ್ತ, ನನಗೂ ಈ ಕೆಲಸ ಚಂದ ಅನಸಂಗಿಲ್ರಿ, ಆದರ ಯಾರರೆ ಬರಬೇಕಲ್ಲ ಎಂದು ಸಂಕೋಚಪಟ್ಟರು. ಆಮೇಲೆ ಖುರ್ಚಿ ಬಿಟ್ಟು ನನ್ನ ಜೊತೆ ಫರಸಿಯ ಮೇಲೆಯೇ ಕುಳಿತರು.

"ತಗೀರಿ ಸರ. ನಾ ಏನೂ ಮಾತಾಡಂಗಿಲ್ಲ. ನಾನು ಇಲ್ಲೇ ಇಲ್ಲ ಅಂತ ತಿಳಕೊಳ್ರಿ."

ಅಷ್ಟು ದೊಡ್ಡ ಮನುಷ್ಯ ಮಗ್ಗುಲಲ್ಲಿ ಕುಳಿತು ಉಸಿರಾಡುವಾಗ ಇಲ್ಲವೆಂದು ಹೇಗೆ ತಿಳಿಯುವುದು? ಬಳಪ ಎರಡು ಸಲ ಮುರಿಯಿತು. ಗಂಡಸರು ಏಳೋ ಎಂಟೋ ಆದರು. ಬಾಗಿಲು ವಾಲಿತು. ನಾನು ಬೆವರುತ್ತ ಹೆಣ್ಣುಮಗಳ ಕೈಗೆ ಬಂದೆ, ಕೊಡ ಎತ್ತಿ ಹಿಡಿದ ಆ ಕೈಯನ್ನು ಬರೆದೆ, ಎದ್ದು ನಿಂತೆ. ಮೊದಲಿನ ಚಿತ್ರದ ಪಕ್ಕದಲ್ಲಿ ಇದು ಅದರ ಮುದಿ ತಂದೆಯಂತೆ ಕಾಣುತ್ತಿತ್ತು. ಇನ್ನು ನಾನು ಕಳ್ಳನೆಂಬುದು ಖಾತ್ರಿಯಾಯಿತು ಎಂದುಕೊಂಡೆ.

ಬಸವರಾಜ ಬಹಳ ಹೊತ್ತು ನೋಡಿದರು. ಆಮೇಲೆ ಜೇಬಿನಿಂದ ನನ್ನ ಮೊದಲ ಚಿತ್ರದ ಪ್ರತಿ ತೆಗೆದು ನೆಲದ ಮೇಲೆ ಹರವಿದರು. ತಮ್ಮ ಬಲಗೈಯನ್ನು ಕೊಡ ಹಿಡಿದವರಂತೆ ಎತ್ತಿದರು. ತಿರುಗಿಸಿದರು. ಮೊಣಕೈ ಮಡಚಿ ಇನ್ನೊಂದು ದಿಕ್ಕಿಗೆ ತಿರುಗಿಸಿದರು. ರಾಸುವಿನ ಕಾಲು ಮುರಿದಿದೆಯೋ ಉಳುಕಿದೆಯೋ ಎಂದು ನೋಡುವಷ್ಟು ಗಂಭೀರವಾಗಿ ನೋಡಿದರು. ಕೊನೆಗೆ ಅವರ ಮುಖ ಅರಳಿತು.

"ನೀವ ತಗದದ್ದು ಸರ. ನಿಮ್ಮಪ್ಪನಾಣಿ ನೀವ ತಗದದ್ದು. ಇಕಿ ಹೆಬ್ಬೆಟ್ಟು ನೋಡ್ರಿ."

ನೋಡಿದೆ. ಎರಡೂ ಚಿತ್ರದಲ್ಲಿ ಆ ಹೆಣ್ಣುಮಗಳ ಬಲಗೈಯ ಹೆಬ್ಬೆರಳು ಕಿರುಬೆರಳಿನ ಕಡೆಗಿತ್ತು. ಅವಳು ಬಲದ ತೋಳಿಗೆ ಎಡಗೈ ಜೋಡಿಸಿಕೊಂಡು ಕೊಡ ಎತ್ತಿದ್ದಳು. ನಾನು ಅದನ್ನು ನಾಲ್ಕು ಸಂಜೆ ತಿದ್ದಿದ್ದೆ. ಸುಧಾ ಒರೆಸಿದ್ದಳು. ಗುಂಪಿನವರೆಲ್ಲ ಚರ್ಚಿಸಿದ್ದರು. ಸೂಜಿಮೊನೆ ಕೂಡ ಕಂಡಿರಲಿಲ್ಲ. ಬಸವರಾಜ ಸಂತೋಷದಿಂದ ನನ್ನ ಭುಜ ತಟ್ಟುತ್ತ, ಚಿಂತಿ ಬಿಡ್ರಿ, ನಾ ಎಲ್ಲಾ ಸರಿ ಮಾಡ್ತೀನಿ ಎಂದು ಹೇಳಿ ಇನ್ನೊಂದು ಕಪ್ ಚಹಾ ಕುಡಿದು ಚಿಂಚೋಳಿ ಬಸ್ಸಿಗೆ ಹೋದರು.

ಅವರು ಮಾತಿಗೆ ತಪ್ಪಲಿಲ್ಲ. ಮರುದಿನ ಗುಂಪಿನಲ್ಲಿ ಅವರ ವರದಿ ಬಂತು. ಅದನ್ನು ನಾನು ಎಷ್ಟು ಸಲ ಓದಿದ್ದೇನೆಂದರೆ ಇಂಗ್ಲಿಷ್ ಅಕ್ಷರದಿಂದ ಕನ್ನಡಕ್ಕೆ ತಿರುಗಿಸಲು ಕಷ್ಟವೇ ಇಲ್ಲ. "ನಾನು ಕಣ್ಣಾರೆ ನೋಡೀನಿ. ಆ ಚಿತ್ರ ಇವರದೇ. ಹೆಬ್ಬೆಟ್ಟು ಅದರಾಗೂ ಉಲ್ಟಾ ಅದ, ಇದರಾಗೂ ಉಲ್ಟಾ ಅದ. ಇಂಥಾ ಕೈ ದೇವರು ಮನಷ್ಯಾಗೂ ಕೊಟ್ಟಿಲ್ಲ, ಮಂಗ್ಯಾಗೂ ಕೊಟ್ಟಿಲ್ಲ. ಬ್ಯಾರೆಯವರು ಕದಿಯೂವಷ್ಟು ಛಲೋ ಕಲಾವಿದ ಯಾರೂ ಇಂಥಾ ಕೈ ತಗಿಯಂಗಿಲ್ಲ. ಇದು ಪೂರಾ ಸ್ವಂತದ್ದು."

ಎಲ್ಲರೂ ಒಪ್ಪಿದರು. ಇಷ್ಟು ಬೇಗ, ಇಷ್ಟು ಒಮ್ಮತದಿಂದ ಆ ಗುಂಪು ಮತ್ತಾವ ವಿಷಯವನ್ನೂ ಒಪ್ಪಿದ್ದು ನಾನು ಕಂಡಿಲ್ಲ. ಸೂಜಿಮೊನೆ ಕ್ಷಮೆ ಕೇಳಿದ, ತುಂಬ ಮನಃಪೂರ್ವಕವಾಗಿ. ಮೂಲ ಎಲ್ಲೋ ಇದೆ ಅಂದುಕೊಂಡಿದ್ದೆ ಸಾರ್, ಇದೇ ಮೂಲ ಅಂತ ಈಗ ಗೊತ್ತಾಯ್ತು ಎಂದು ಬರೆದ. ಅದನ್ನು ಓದಿ ನನಗೆ ಆದಷ್ಟು ದುಃಖ ಕಳ್ಳ ಎಂದಾಗ ಆಗಿರಲಿಲ್ಲ. ಮಸಿಮಾಮ ಪ್ರತ್ಯೇಕವಾಗಿ ಬರೆದರು. ನಿಮ್ಮ ಪ್ರಾಮಾಣಿಕತೆ ಸಾಬೀತಾದದ್ದು ಬಹಳ ಸಂತೋಷ, ಆದರೆ ಹೆಬ್ಬೆರಳಿನ ವಿಷಯ ಈಗ ಎಲ್ಲರಿಗೂ ಗೊತ್ತಾಗಿಬಿಟ್ಟಿದೆ, ಅಚ್ಚಿನಲ್ಲಿ ಹಾಕುವುದು ಹೇಗೆ, ತಿದ್ದಿ ಕಳಿಸುತ್ತೀರಾ? ನಾನು ತಿದ್ದಲು ಕುಳಿತೆ. ಹೆಬ್ಬೆರಳನ್ನು ಸರಿಯಾದ ಕಡೆ ಬರೆದರೆ ಕೊಡ ಜಾರುತ್ತಿತ್ತು. ಕೊಡ ಸರಿಮಾಡಿದರೆ ತೋಳು ಮುರಿದಂತೆ ಕಾಣುತ್ತಿತ್ತು. ತೋಳು ನೇರ ಮಾಡಿದರೆ ಅವಳು ನೀರು ಸುರಿಯುತ್ತಿಲ್ಲ, ಹೊಡೆಯಲು ಬರುತ್ತಿದ್ದಾಳೆ. ಕೊಟ್ಟ ಗಡುವು ದಾಟಿತು. ಪುಸ್ತಕ ನಾನಿಲ್ಲದೆ ಅಚ್ಚಾಯಿತು. ಬಸವರಾಜ ತಮ್ಮ ಪ್ರತಿಯನ್ನು ತಂದು ತೋರಿಸಿದರು. ಅವರ ಎಮ್ಮೆ ನಿಜಕ್ಕೂ ಚೆನ್ನಾಗಿ ಬಂದಿದೆ.

ನಾನು ಗುಂಪು ಬಿಡಲಿಲ್ಲ. ಬಿಟ್ಟರೆ ಸಿಟ್ಟಾದ ಎನ್ನುತ್ತಾರೆ ಎಂಬ ಚಿಂತೆ. ಚಿತ್ರ ಹಾಕುತ್ತೇನೆ, ನಾಲ್ಕು ಪ್ರತಿಕ್ರಿಯೆ ಬರುತ್ತವೆ, ಅದರಲ್ಲಿ ಒಂದು ನನ್ನದೇ. ಸೂಪರ್ ಸರ್ ಎನ್ನುತ್ತಾರೆ, ಮುಂದೆ ಹೋಗುತ್ತಾರೆ. ಆಗ ಆ ಎರಡು ವಾರ ನೆನಪಾಗುತ್ತವೆ. ಗುಂಪಿನವರೆಲ್ಲ ನನ್ನ ಚಿತ್ರವನ್ನು ದೊಡ್ಡದು ಮಾಡಿ ಮಾಡಿ ನೋಡಿದ್ದರು, ಒಂದೊಂದು ಗೆರೆಯ ದಪ್ಪ ಅಳೆದಿದ್ದರು, ಅದಕ್ಕೆ ಸಮನಾದದ್ದು ಪ್ರಪಂಚದಲ್ಲಿ ಎಲ್ಲಾದರೂ ಇದೆಯೇ ಎಂದು ಹುಡುಕಿದ್ದರು, ಇಲ್ಲ ಎಂದು ಕಂಡುಕೊಂಡಿದ್ದರು. ನಮ್ಮದೆಂದು ಗೊತ್ತಾದ ಮೇಲೆ ನಮ್ಮ ಗೆರೆಯನ್ನು ಅಷ್ಟು ಹೊತ್ತು ಯಾರು ನೋಡುತ್ತಾರೆ ಹೇಳಿ. ಈಗ ಪ್ರತಿ ಸಲ ಹೊಸ ಚಿತ್ರ ಏರಿಸಿ, ಅದು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಯುವುದನ್ನು ನೋಡುತ್ತ, ಯಾರಾದರೂ ಒಬ್ಬ ಪುಣ್ಯಾತ್ಮ ನನ್ನ ಮೇಲೆ ಅನುಮಾನ ಪಡಲಿ ಎಂದು ಬೇಡಿಕೊಳ್ಳುತ್ತೇನೆ.